ಕಡಲ ದಡದಲ್ಲಿ ಮಕ್ಕಳೊಡನೆ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಕಾಸರಗೋಡಿನ ಮನೆಗಳಿಗೆ ನೆಂಟರ ಮಕ್ಕಳು ಬರುವುದು ವಾಡಿಕೆ. ಕಳೆದ ಬೇಸಗೆಯಲ್ಲಿ, ಮದುವೆಯಾಗಿ ಸೊಲ್ಲಾಪುರ ಸೇರಿದ ನನ್ನ ತಂಗಿ ತನ್ನ ಇಬ್ಬರು ಮಕ್ಕಳೊಡನೆ ಬಂದಿದ್ದಳು. ಊರ ನಡುವಿನ ಸಿದ್ಧೇಶ್ವರ ಕೆರೆಯನ್ನಲ್ಲದೆ ಬೇರೆ ಹಿರಿಯ ನೀರನ್ನು ಕಂಡರಿಯದ ಮಕ್ಕಳು. ಮಂಜೇಶ್ವರದ ಬಳಿಯ ಹೊಯಿಗೆಯ ಮೇಲೆ ನಿಂತು ಎಂಟು ವರ್ಷದ ಹುಡುಗ ಕೇಳಿದ ಮೊದಲ ಪ್ರಶ್ನೆ: "ದೊಡ್ಡವ್ವಾ, ಇದರ ಆಚೀ ದಂಡಿ ಎಲ್ಲೈತಿ?"

ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ನಾವು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ತೆರೆಯಲ್ಲಿ ಕಾಲು ತೋಯಿಸುವುದು, ತಿಂಡಿ ಕೊಡಿಸುವುದು. ಅರ್ಧ ಗಂಟೆಯಲ್ಲಿ ಅವೆರಡೂ ಮುಗಿಯುತ್ತವೆ. ಮಾಡಲು ಮತ್ತೇನೂ ತೋರದ ಮಕ್ಕಳು ನೀರಿಗೆ ನುಗ್ಗುತ್ತಾರೆ. ಅಪಾಯ ಹುಟ್ಟುವುದು ಆಗಲೇ.

ಅಂದು ನಮಗೂ ಹಾಗೆಯೇ ಆಯಿತು. ಎಡಬಲಗಳಲ್ಲಿ ತೆರೆಗಳು ನೊರೆಯುಕ್ಕಿ ಒಡೆಯುತ್ತಿದ್ದವು. ನಡುವೆ ಒಂದೆಡೆ ಮಾತ್ರ ನೀರು ಶಾಂತವಾಗಿ ಕಂಡಿತು. "ಅಲ್ಲಿ ಇಳಿಯಿರಿ" ಎಂದು ಬೆರಳು ತೋರಿಸಿದವಳು ನಾನೇ. ದಡದಲ್ಲಿ ಬಲೆ ಹೆಣೆಯುತ್ತಿದ್ದ ಮೊಗವೀರ ಹಿರಿಯರೊಬ್ಬರು ತುಳುವಿನಲ್ಲಿ ಕೂಗುತ್ತ ಓಡಿಬಂದು ಹುಡುಗನ ತೋಳು ಹಿಡಿದೆಳೆದರು. ತೆರೆ ಒಡೆಯದ ಜಾಗವೇ ಕಡಲು ಸೆಳೆಯುವ ಜಾಗವೆಂದು ಅವರು ತಿಳಿಸಿದಾಗ ನನ್ನ ಕೈಕಾಲು ನಡುಗಿದವು.

ದಡಕ್ಕೆ ಬಂದ ನೀರು ಹಿಂದಿರುಗಲು ಇಕ್ಕಟ್ಟಾದ ದಾರಿಯೊಂದನ್ನು ಮಾಡಿಕೊಳ್ಳುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ತೆರೆಗಳು ಒಡೆಯುವುದಿಲ್ಲ. ಒಳಗಿನ ಸೆಳೆತವು ನುರಿತ ಈಜುಗಾರನನ್ನೂ ಒಯ್ಯಬಲ್ಲುದು. ಸಿಕ್ಕಿದವರು ದಡದತ್ತ ಸೆಣಸಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಿದ್ದ ಬಳಿಕ ದಡಕ್ಕೆ ತಿರುಗಬೇಕು. ಚಿಕ್ಕ ಮಕ್ಕಳು ಮೊಣಕಾಲುದ್ದ ನೀರನ್ನು ದಾಟದಿರಲಿ. ಹಿರಿಯರೊಬ್ಬರು ಅವರ ಕೈಯಳತೆಯಲ್ಲೇ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಂತೂ ಕಡಲನ್ನು ದೂರದಿಂದ ನೋಡುವುದೇ ಲೇಸು.

ಆ ಬಳಿಕ ನಾವು ನೀರನ್ನು ಬಿಟ್ಟು ದಡವನ್ನು ಹಿಡಿದೆವು. ನಿಜವಾದ ರಜೆ ಆರಂಭವಾದುದು ಅಲ್ಲಿಂದಲೇ.

ದಡದ ಪಾಠಶಾಲೆ

ಮೊದಲನೆಯ ಆಟ ಕೋಲಿನದು. ತೆರೆಯ ನೀರು ಮುಟ್ಟಿದ ಕೊನೆಯ ಗೆರೆಯಲ್ಲಿ ಒಂದು ಕೋಲು ನೆಡಿರಿ. ಅರ್ಧ ಗಂಟೆಗೊಮ್ಮೆ ಹೊಸ ಗೆರೆಗೆ ಹೊಸ ಕೋಲು. ಉಬ್ಬರವೋ ಇಳಿತವೋ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಚಂದ್ರನ ಸೆಳೆತವೇ ಇದಕ್ಕೆ ಮುಖ್ಯ ಕಾರಣವಾದುದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ಅದರ ಬಲ ಹೆಚ್ಚು. ಪಂಚಾಂಗ ನೋಡುವ ಅಜ್ಜನಿಗೂ ಮೊಮ್ಮಗನಿಗೂ ಇದೊಂದು ಒಳ್ಳೆಯ ಮಾತುಕತೆ.

ಎರಡನೆಯದು ಚಿಪ್ಪುಗಳ ಬೇಟೆ. ಜೋಡಿ ಚಿಪ್ಪಿನವನ್ನು ಒಂದೆಡೆ, ಸುರುಳಿಯವನ್ನು ಇನ್ನೊಂದೆಡೆ ಇಡಿಸಿರಿ. ಕೆಲವು ಚಿಪ್ಪುಗಳಲ್ಲಿ ಮಣಿಗಾರ ಕೊರೆದಂಥ ದುಂಡನೆಯ ಸಣ್ಣ ತೂತು ಕಾಣುವುದುಂಟು. ಮಾಂಸಾಹಾರಿಯಾದ ಕಡಲ ಬಸವನಹುಳು ಕೊರೆದು ಒಳಗಿನ ಜೀವಿಯನ್ನು ತಿಂದ ಗುರುತದು. ತಂಗಿಯ ಮಗಳು ಇಂಥವನ್ನೇ ಹುಡುಕಿ ಹುಡುಕಿ, ತೂತಿಗೆ ದಾರ ಪೋಣಿಸಿ ಸರ ಮಾಡಿಕೊಂಡಳು. ಜೀವವಿರುವ ಚಿಪ್ಪನ್ನು ಮಾತ್ರ ಮರಳಿ ನೀರಿಗೇ ಬಿಡಬೇಕು.

ಇಳಿತದ ವೇಳೆ ಒದ್ದೆ ಮಳಲಿನ ಮೇಲೆ ಸಾಲುಸಾಲಾಗಿ ಸಣ್ಣ ಉಂಡೆಗಳು ಬಿದ್ದಿರುತ್ತವೆ. ಪುಟ್ಟ ಏಡಿಗಳು ಮಳಲನ್ನು ಸೋಸಿ ಆಹಾರ ಪಡೆದು ಉಳಿದುದನ್ನು ಉಂಡೆಕಟ್ಟಿ ಬಿಟ್ಟಿರುತ್ತವೆ. ಸದ್ದಿಲ್ಲದೆ ಕುಳಿತರೆ ಬಿಲದಿಂದ ಅವು ಇಣುಕುವುದನ್ನು ಕಾಣಬಹುದು. ಗಲಾಟೆಯ ಮಕ್ಕಳನ್ನು ಹತ್ತು ನಿಮಿಷ ಸುಮ್ಮನಿರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮೇಲಿನ ಒಣ ಮಳಲಿನಲ್ಲಿ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಅಡುಂಬುಬಳ್ಳಿ ಹಬ್ಬಿರುತ್ತದೆ. ಗಾಳಿಗೆ ಮಳಲು ಹಾರದಂತೆ ಹಿಡಿದಿಡುವ ಬಳ್ಳಿಯದು, ಕೀಳಬಾರದೆಂದು ಹೇಳಿಕೊಡಿರಿ. ದಡದಲ್ಲಿ ಬಿದ್ದ ಲೋಳೆಯಂಥ ಜೆಲ್ಲಿ ಮೀನನ್ನು ಯಾರೂ ಮುಟ್ಟದಿರಲಿ.

ಕೋಟೆಯ ಕಂಡಿಗಳು

ಮರುದಿನ ಬೇಕಲಕ್ಕೆ ಹೋದೆವು. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನಲಾಗುವ ಕೋಟೆಯಿದು. ವೀಕ್ಷಣೆಯ ಬುರುಜು, ಮೆಟ್ಟಿಲುಗಳ ಕೊಳ, ಗೋಡೆಯಲ್ಲಿ ಬಂದೂಕಿನ ಕಂಡಿಗಳು. ದೂರದ ಶತ್ರುವಿಗೊಂದು, ಹತ್ತಿರ ಬಂದವನಿಗೊಂದು ಎಂದು ಕಂಡಿಗಳ ಓರೆ ಬೇರೆ ಬೇರೆ. ಪ್ರತಿಯೊಂದರಲ್ಲೂ ಕಣ್ಣಿಟ್ಟು ಏನು ಕಾಣುತ್ತದೆಂದು ಹೇಳುವುದೇ ಮಕ್ಕಳ ಆಟವಾಯಿತು. ಬುರುಜಿನ ಅಂಚಿನಲ್ಲಿ ಮಾತ್ರ ಅವರ ಕೈ ಬಿಡಬೇಡಿ. ಮರಳುವಾಗ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕ 'ಗಿಳಿವಿಂಡು'ವನ್ನೂ ತೋರಿಸಿದೆವು.

ರಾತ್ರಿ ಊಟವಾದ ಮೇಲೆ ನಮ್ಮ ತಾಯಿ ಮಕ್ಕಳಿಗೆ ಒಂದು ನೋಟುಪುಸ್ತಕ ಕೊಟ್ಟು, ಆ ದಿನ ಕಲಿತ ಕನ್ನಡದ ಮಾತುಗಳನ್ನು ಬರೆಯಿಸಿದರು. ತೆರೆ, ನೊರೆ, ಹೊಯಿಗೆ, ಉಬ್ಬರ, ಇಳಿತ, ಏಡಿ, ಬುರುಜು. ಮರಾಠಿ ಶಾಲೆಯಲ್ಲಿ ಓದುವ ಹುಡುಗನ ಕನ್ನಡ ಅಕ್ಷರಗಳು ಸೊಟ್ಟಗಿದ್ದವು. ಆದರೆ ಮಾತುಗಳು ನೆಟ್ಟಗಿದ್ದವು. ಗಡಿಯಾಚೆಯ ನಮ್ಮ ಮನೆಗಳಲ್ಲಿ ನುಡಿಯು ಉಳಿಯುವುದು ಹೀಗೆ ಮಕ್ಕಳ ಕಣ್ಣು, ಕೈ, ಕಿವಿಗಳ ಮೂಲಕವೇ ಅಲ್ಲವೆ?

ಊರಿಗೆ ಹೋದ ಮೇಲೆ ಅವನಿಂದ ಒಂದು ಕಾಗದ ಬಂದಿತು. ಕೊನೆಯ ಸಾಲು ಹೀಗಿತ್ತು: "ದೊಡ್ಡವ್ವಾ, ತೆರಿ ಒಡೆಯದ ಜಾಗದಾಗ ಇಳೀಬಾರದು ಅಂತ ನಮ್ಮ ಗೆಳೆಯರಿಗೆಲ್ಲಾ ಹೇಳೀನಿ."