ಕಪ್ಪು ಹೊದಿಕೆಯ ಆಲ್ಬಮ್

ಪ್ರಶ್ನೆ: ಮೆಟಾಲಿಕಾ ತಂಡದ ಯಾವ ಆಲ್ಬಮ್ ಅತಿ ಹೆಚ್ಚು ಮಾರಾಟವಾಗಿದೆ?
– ಓದುಗರೊಬ್ಬರು, ಮತ್ತಿಕೆರೆ

ಉತ್ತರ: ನಿಮ್ಮ ಮತ್ತಿಕೆರೆಯಿಂದ ಮೇಖ್ರಿ ವೃತ್ತ ದಾಟಿದರೆ ಅರಮನೆ ಮೈದಾನ. ಈ ತಂಡ ಭಾರತದಲ್ಲಿ ಮೊದಲ ಸಲ ಹಾಡಿದ್ದು ಅಲ್ಲೇ, 2011ರ ಅಕ್ಟೋಬರ್ 30ರಂದು. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ನಿಂತುಹೋಗಿತ್ತು.

ಮಾರಾಟದಲ್ಲಿ ಮುಂದಿರುವುದು 1991ರ ಆಗಸ್ಟಿನಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಆಲ್ಬಮ್. ಹೊದಿಕೆ ಕಪ್ಪಾದ್ದರಿಂದ ಎಲ್ಲರ ಬಾಯಲ್ಲಿ ಅದು ‘ಬ್ಲ್ಯಾಕ್ ಆಲ್ಬಮ್’. ಅಮೆರಿಕ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾಗಿವೆ. ಎಂಟು-ಒಂಬತ್ತು ನಿಮಿಷಗಳ ಜಟಿಲ ಹಾಡುಗಳನ್ನು ಬಿಟ್ಟು, ನಿರ್ಮಾಪಕ ಬಾಬ್ ರಾಕ್ ಜೊತೆಗೂಡಿ ಚಿಕ್ಕ, ನೇರ ಹಾಡುಗಳತ್ತ ಹೊರಳಿದ್ದು ಫಲ ಕೊಟ್ಟಿತು. ಆದರೂ ಅವರ ಶ್ರೇಷ್ಠ ಕೆಲಸ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಎಂದೇ ನನ್ನ ನಂಬಿಕೆ. ಮೊದಲು ಅದನ್ನು ಕೇಳಿ.