ಬಿಸಿಲು ಮಾರಿದ ವಿಮಾನಗಳು

ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿ ದುಡಿದಿದ್ದ ವ್ಲಾದಿಮಿರ್ ರೈಟ್ಜ್ 1950ರಲ್ಲಿ ಹೂಡಿದ ವ್ಯಾಪಾರ ಸರಳವಾಗಿತ್ತು. ಡಕೋಟಾ ವಿಮಾನವೊಂದನ್ನು ಬಾಡಿಗೆಗೆ ಹಿಡಿದು ಬ್ರಿಟನ್ನಿನಿಂದ ಕಾರ್ಸಿಕಾ ದ್ವೀಪದ ಕಾಲ್ವಿಗೆ ಜನರನ್ನು ಒಯ್ಯುವುದು, ಕಡಲತಡಿಯ ಟೆಂಟುಗಳಲ್ಲಿ ಇಳಿಸಿ ಊಟ ಹಾಕುವುದು, ರಜೆ ಮುಗಿದ ಮೇಲೆ ವಾಪಸ್ ತಂದುಬಿಡುವುದು. ಎಲ್ಲಕ್ಕೂ ಸೇರಿ 32 ಪೌಂಡ್ 10 ಶಿಲಿಂಗ್. ಸರ್ಕಾರಿ ವಿಮಾನ ಕಂಪನಿಗೆ ಏಟು ಬೀಳಬಾರದೆಂದು ಅಧಿಕಾರಿಗಳು ಮೊದಲಿಗೆ ಒಪ್ಪಿದ್ದು ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಒಯ್ಯುವುದಕ್ಕೆ ಮಾತ್ರ.

ಯೂರೋಪಿನ ಚಾರ್ಟರ್ ವಿಮಾನಗಳ ಲೆಕ್ಕಾಚಾರ ನಮ್ಮ ಮದುವೆ ದಿಬ್ಬಣದ ಬಸ್ಸಿನದೇ. ಪ್ರವಾಸ ಕಂಪನಿ ಇಡೀ ವಿಮಾನವನ್ನು ಗೊತ್ತುಮಾಡುತ್ತದೆ. ಸೀಟು ತುಂಬಿಸುವ ತಲೆಬಿಸಿಯೂ ಅದರದೇ. ಈ ವಾರದವರನ್ನು ಇಳಿಸಿದ ವಿಮಾನ ಕಳೆದ ವಾರದವರನ್ನು ಹತ್ತಿಸಿಕೊಂಡು ಮರಳುತ್ತದೆ. ಖಾಲಿ ಸೀಟಿಲ್ಲ, ರಾತ್ರಿಯೆಂದು ಬಿಡುವೂ ಇಲ್ಲ. ಸ್ಪೇನಿನ ಮಾಯೋರ್ಕಾ ದ್ವೀಪದ ಬಿಸಿಲು ಮ್ಯಾಂಚೆಸ್ಟರಿನ ಕಾರ್ಮಿಕನ ಕೈಗೆ ಎಟುಕಿದ್ದು ಹೀಗೆ.

ಇದಕ್ಕೆ ಇಳಿದವರೂ ತರಹೇವಾರಿ ಜನ. ಡೆನ್ಮಾರ್ಕಿನ ತ್ಯಾರೆಬೋರ್ ಎಂಬ ಹಳ್ಳಿಯ ಪಾದ್ರಿ ಐಲಿಫ್ ಕ್ರೋಗಾಗರ್ ಬಸ್ ಪ್ರವಾಸದಿಂದ ಆರಂಭಿಸಿ 1962ರಲ್ಲಿ ಸ್ಟರ್ಲಿಂಗ್ ಎಂಬ ವಿಮಾನ ಕಂಪನಿಯನ್ನೇ ಕಟ್ಟಿದರು. ಜರ್ಮನಿಯ ಕಾಂಡೋರ್ 1956ರಲ್ಲಿ ಮೊದಲು ಹಾರಿಸಿದ್ದು ಜೆರುಸಲೇಮಿನ ಕಡೆಯ ಯಾತ್ರಿಕರನ್ನು. ದೇವರಿಗೂ ಬೀಚಿಗೂ ಅಲ್ಲಿ ವಿರೋಧವೇನೂ ಕಾಣಿಸಿದಂತಿಲ್ಲ.

ಈ ಕಂಪನಿಗಳ ವಂಶಾವಳಿ ಹಿಡಿಯಬೇಕೆಂದರೆ ಲಂಡನ್ನಿನ ಉತ್ತರಕ್ಕಿರುವ ಲ್ಯೂಟನ್ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿ 1962ರಲ್ಲಿ ಮೂರು ಹಳೆಯ ಕಾನ್‌ಸ್ಟೆಲೇಷನ್ ವಿಮಾನಗಳೊಂದಿಗೆ ಹಾರಾಟ ಶುರುಮಾಡಿದ ಯೂರೇವಿಯಾ, 1964ರಲ್ಲಿ ಬ್ರಿಟಾನಿಯಾ ವಿಮಾನಗಳನ್ನು ಕೊಂಡು ಅವುಗಳ ಹೆಸರನ್ನೇ ಇಟ್ಟುಕೊಂಡಿತು. ಮರುವರ್ಷ ಪತ್ರಿಕೋದ್ಯಮಿ ರಾಯ್ ಥಾಮ್ಸನ್ನರ ಸಂಸ್ಥೆ ಅದನ್ನು ಕೊಂಡಿತು. ಬೋಯಿಂಗ್ 737-200 ಮಾದರಿಯನ್ನು ಯೂರೋಪಿನಲ್ಲಿ ಮೊದಲು ಹಾರಿಸಿದ್ದೂ ಬ್ರಿಟಾನಿಯಾವೇ. ಅದೇ ಲ್ಯೂಟನ್ನಿನ ಕೋರ್ಟ್ ಲೈನ್ ತನ್ನ ವಿಮಾನಗಳಿಗೆ ಗುಲಾಬಿ, ಕಿತ್ತಳೆ ಬಣ್ಣ ಬಳಿದು ಭಾರಿ ಟ್ರೈಸ್ಟಾರ್‌ಗಳನ್ನೂ ಕೊಂಡಿತ್ತು. ತೈಲದ ಬೆಲೆ ಏರಿತು, ಬುಕಿಂಗ್ ಇಳಿಯಿತು. 1974ರ ಆಗಸ್ಟ್ 15ರಂದು, ಪ್ರವಾಸದ ಋತು ಉತ್ತುಂಗದಲ್ಲಿದ್ದಾಗಲೇ, ಕೋರ್ಟ್ ಲೈನ್ ಬಾಗಿಲು ಹಾಕಿತು.

ಚಾರ್ಟರ್ ಲೋಕದ ದೊಡ್ಡ ವಿಲೀನಗಳನ್ನು ವಿಮಾನಗಳ ಕಥೆಯೆಂದು ಓದಿದರೆ ತಲೆಬುಡ ತಿಳಿಯುವುದಿಲ್ಲ. ಒಂದಾಗುತ್ತಿದ್ದುದು ಪ್ರವಾಸ ಕಂಪನಿಗಳು. ವಿಮಾನಗಳು ಅವುಗಳ ಹಿಂದೆ ಹೋದವು. ಗಣಿ ಮತ್ತು ಉಕ್ಕಿನ ವ್ಯವಹಾರದ ಜರ್ಮನಿಯ ಪ್ರೊಯ್ಸಾಗ್ ಕಂಪನಿಗೆ ರಜೆಯ ರುಚಿ ಹತ್ತಿ, 1997ರಲ್ಲಿ ಹಪಾಗ್-ಲಾಯ್ಡ್, 2000ದಲ್ಲಿ ಥಾಮ್ಸನ್ ಅದರ ಕೈಸೇರಿದವು. 2002ರಲ್ಲಿ ಅದು ಹೆಸರನ್ನೂ ಟಿಯುಐ ಎಂದು ಬದಲಿಸಿಕೊಂಡಿತು. ಬ್ರಿಟಾನಿಯಾ ಥಾಮ್ಸನ್‌ಫ್ಲೈ ಆಯಿತು. 2007ರಲ್ಲಿ ಫಸ್ಟ್ ಚಾಯ್ಸ್ ಎಂಬ ಪ್ರವಾಸ ಕಂಪನಿ ಬಂದು ಕೂಡಿಕೊಂಡ ಮೇಲೆ ಥಾಮ್ಸನ್ ಏರ್‌ವೇಸ್, 2017ರಿಂದ ಟಿಯುಐ ಏರ್‌ವೇಸ್. ಅರ್ಧ ಶತಮಾನದಲ್ಲಿ ಐದು ಹೆಸರು!

ಅದೇ 2007ರಲ್ಲಿ ಥಾಮಸ್ ಕುಕ್ ಮತ್ತು ಮೈಟ್ರಾವೆಲ್ ಎಂಬ ಪ್ರವಾಸ ಕಂಪನಿಗಳು ಒಂದಾದವು. ಸಾಲ ಕೊರಳಿಗೆ ಬಂದು 2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಕುಸಿದಾಗ ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಸರ್ಕಾರವೇ ಮನೆಗೆ ತಲುಪಿಸಬೇಕಾಯಿತು. 2012ರಲ್ಲೇ ಕೆನಡಾದ ಫೇರ್‌ಫ್ಯಾಕ್ಸ್ ಪಾಲಾಗಿದ್ದ ಭಾರತದ ಥಾಮಸ್ ಕುಕ್ ತನಗೂ ಆ ಕಂಪನಿಗೂ ಸಂಬಂಧವಿಲ್ಲವೆಂದು ಹೇಳಿಕೆ ಕೊಡಬೇಕಾಗಿ ಬಂದದ್ದು ಆಗಲೇ.

ಸಾಲವೊಂದನ್ನೇ ದೂರಿದರೆ ಅರ್ಧ ಸತ್ಯ. 1990ರ ದಶಕದಲ್ಲಿ ಯೂರೋಪಿನ ಆಕಾಶ ಮುಕ್ತವಾಗಿ, 1995ರಲ್ಲಿ ಅದೇ ಲ್ಯೂಟನ್ನಿನಿಂದ ಈಸಿಜೆಟ್ ಹಾರತೊಡಗಿದಾಗ, ಹೋಟೆಲಿನ ಹಂಗಿಲ್ಲದೆ ಬರೀ ಸೀಟು ಅಗ್ಗಕ್ಕೆ ಸಿಗತೊಡಗಿತು. ಹೋಟೆಲನ್ನು ಜನರೇ ಇಂಟರ್ನೆಟ್ಟಿನಲ್ಲಿ ಹುಡುಕಿಕೊಂಡರು. ಥಾಮಸ್ ಕುಕ್ ಬಳಗದಲ್ಲಿದ್ದ ಕಾಂಡೋರ್ ಮಾತ್ರ 380 ದಶಲಕ್ಷ ಯೂರೋ ಸಾಲಕ್ಕೆ ಜರ್ಮನ್ ಸರ್ಕಾರದ ಬೆಂಬಲ ಪಡೆದು ಬದುಕಿಕೊಂಡಿತು. 2022ರಿಂದ ಅದರ ವಿಮಾನಗಳ ಮೈಮೇಲೆ ಬೀಚಿನ ಕೊಡೆ, ಟವೆಲುಗಳ ಅಗಲ ಪಟ್ಟೆಗಳಿವೆ. ಆದರೆ ಈಗ ಅದು ಸೀಟನ್ನು ಬಿಡಿಯಾಗಿಯೂ ಮಾರುತ್ತದೆ.