ಒರತೆ ಬತ್ತುವ ಮುನ್ನ

ಕಳೆದ ಬೇಸಗೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿ.ಎ. ತರಗತಿಯಲ್ಲಿ ಹಳಗನ್ನಡದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದ ಹುಡುಗಿ. ಈಗ ಸಮೀಪದ ಹಳ್ಳಿಯಲ್ಲಿ ಹತ್ತು ವರ್ಷಗಳಿಂದ ಆಶಾ ಕಾರ್ಯಕರ್ತೆ. ಕುಶಲಪ್ರಶ್ನೆಗಳು ಮುಗಿದ ಮೇಲೆ ಮೆಲ್ಲನೆ ನುಡಿದಳು: “ಸಾರ್, ಮೊನ್ನೆ ಒಬ್ಬ ಅಜ್ಜಿ ನನ್ನೆದುರು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ. ಅದೇ ಹೆದರಿಕೆಯಾಗಿದೆ.”

ಉಪದೇಶವೆಂಬುದು ಅಧ್ಯಾಪಕರಾದ ನಮಗೆ ಅಂಟಿದ ಚಟ. ಸಹನೆ, ಸೇವೆ, ತ್ಯಾಗಗಳ ವಿಷಯವಾಗಿ ನಾಲ್ಕು ಮಾತು ಹೇಳಿ ಕಳುಹಿಸಿದೆ. ಅವಳು ತಲೆಯಾಡಿಸಿ ಹೊರಟುಹೋದಳು. ಆಮೇಲೆ ಯೋಚಿಸಿದಂತೆಲ್ಲ ನನ್ನ ಮಾತಿಗೆ ನಾನೇ ನಾಚಿದೆ.

2005ರಲ್ಲಿ ಆರಂಭವಾದ ಯೋಜನೆಯಿದು. ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ, ಆಯಾ ಊರಿನವಳೇ ಆದ ಹೆಣ್ಣುಮಗಳನ್ನು ಆರಿಸುತ್ತಾರೆ. ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕಿಸುವುದು, ಕ್ಷಯರೋಗಿ ತಪ್ಪದೆ ಮಾತ್ರೆ ನುಂಗುವಂತೆ ನೋಡಿಕೊಳ್ಳುವುದು ಅವಳ ಕಾರ್ಯ. ಆದರೆ ರೋಗ ಒಂಟಿಯಾಗಿ ಬರುವುದುಂಟೆ? ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟು ಕಾಲ ನಿತ್ರಾಣನಾದವನು ಕೂಲಿಗೆ ಹೋಗಲಾರ, ಕೂಲಿಯಿಲ್ಲದೆ ಅನ್ನವಿಲ್ಲ, ಅನ್ನವಿಲ್ಲದೆ ಮದ್ದು ಮೈಗೆ ಹತ್ತದು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರಿನಿಂದ ಅದು 1,000 ಆಯಿತು. ಆ ಹಣ ಬರಬೇಕಾದರೆ ಬ್ಯಾಂಕಿನ ಖಾತೆ ಬೇಕು, ಖಾತೆಗೆ ದಾಖಲೆ ಬೇಕು. ಈ ಕಾಗದಗಳ ಬೆನ್ನಹಿಂದೆ ಅಲೆಯುವವಳೂ ಅವಳೇ. ಸೋರುವ ಸೂರು, ಇಲ್ಲದ ಪಡಿತರ ಚೀಟಿ, ಗಂಡನ ಕುಡಿತ—ಇವುಗಳಿಗೆ ಅವಳ ಚೀಲದಲ್ಲಿ ಮಾತ್ರೆಯಿಲ್ಲ. ವೈದ್ಯರಿಗಾದರೆ ಕೊಠಡಿಯ ಬಾಗಿಲು ಮುಚ್ಚುವ ಹೊತ್ತೊಂದಿದೆ. ಇವಳೋ ರೋಗಿಯ ಬೀದಿಯಲ್ಲಿಯೇ ಬಾಳುವವಳು.

ಇಂಥ ಸ್ಥಿತಿಗೆ ‘ಬರ್ನ್‌ಔಟ್’ ಎಂಬ ಪದವನ್ನು 1974ರಲ್ಲಿ ಬಳಕೆಗೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರಲ್ಲಿಯೇ ಅವರು ಅದನ್ನು ಕಂಡದ್ದು. ಮುಂದೆ ಕ್ರಿಸ್ಟಿನಾ ಮಾಸ್ಲಾಕ್ ಅದರ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವ ಬರಿದಾಗುವುದು, ಎದುರಿನ ಮನುಷ್ಯ ಮನುಷ್ಯನಾಗಿ ತೋರದಿರುವುದು, ತನ್ನ ದುಡಿಮೆ ವ್ಯರ್ಥವೆನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಕರೆಯಿತು. ಎಂದರೆ ದೋಷವನ್ನು ದುಡಿಯುವವಳ ಮನಸ್ಸಿನಲ್ಲಿ ಮಾತ್ರ ಹುಡುಕಿದರೆ ಸಾಲದು. ದುಡಿಮೆಯ ವ್ಯವಸ್ಥೆಯಲ್ಲಿಯೂ ಹುಡುಕಬೇಕು.

ಕನ್ನಡದಲ್ಲಿ ಇದನ್ನು ದಣಿವೆನ್ನಲು ನನಗೆ ಮನಸ್ಸೊಪ್ಪದು. ದಣಿವು ಒಂದು ರಾತ್ರಿಯ ನಿದ್ದೆಗೆ ಆರುತ್ತದೆ. ‘ಬತ್ತುವುದು’ ಎಂಬ ನಮ್ಮ ಮಾತೇ ಹೆಚ್ಚು ಹೊಂದೀತು. ಬಾವಿಯೇನೂ ತಾನಾಗಿ ಬತ್ತುವುದಿಲ್ಲ. ಊರಿದ ನೀರಿಗಿಂತ ಸೇದಿದ ನೀರು ಹೆಚ್ಚಾದಾಗ ಬತ್ತುತ್ತದೆ. ಬತ್ತಿದ ಬಾವಿಗೆ ಸಹನೆಯನ್ನು ಬೋಧಿಸಿದವನು ನಾನು!

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಸಂತೋಷದ ಸಂಗತಿಯೇ. ಆದರೆ ಅವರಿಗೆ ದೊರೆಯುವುದು ಇಂದಿಗೂ ಗೌರವಧನ, ಪ್ರೋತ್ಸಾಹಧನ, ಸಂಬಳವಲ್ಲ. ಸೇವೆಯೆಂಬ ಪವಿತ್ರವಾದ ಹೆಸರು ಕೂಲಿಯ ಲೆಕ್ಕವನ್ನು ಮರೆಸಬಾರದು.

ಮುಂದಿನ ವಾರ ನಾನೇ ಅವಳ ಮನೆಗೆ ಹೋದೆ. “ನಿನಗೆ ಏನು ಬೇಕಮ್ಮ?” ಎಂದು ಕೇಳಿದೆ.

“ಅರ್ಜಿ ಬರೆದುಕೊಡುವವರು ಇಬ್ಬರಿದ್ದರೆ ಸಾಕು ಸಾರ್. ವಾರಕ್ಕೊಂದು ದಿನ ಯಾರೂ ಬಾಗಿಲು ಬಡಿಯದಿದ್ದರೆ ಇನ್ನೂ ಒಳ್ಳೆಯದು” ಎಂದಳು.

ಈಗ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಆ ಹಳ್ಳಿಯ ಶಾಲೆಯ ಜಗಲಿಯಲ್ಲಿ ಕುಳಿತು ಅರ್ಜಿ ಬರೆಯುತ್ತಾರೆ. ಸಂಬಳದ ಪ್ರಶ್ನೆ ಇದರಿಂದ ಬಗೆಹರಿಯಲಿಲ್ಲ. ಅದು ಸರ್ಕಾರದ ಹೊಣೆ. ಅಜ್ಜಿಯ ಪಿಂಚಣಿಯ ಅರ್ಜಿ ತಾಲ್ಲೂಕು ಕಚೇರಿ ಸೇರಿದೆ. ಕೆಲಸ ಬಿಡುವ ವಿಚಾರವನ್ನು ದೀಪಾವಳಿ ಕಳೆಯುವವರೆಗೆ ಮುಂದೂಡಿದ್ದೇನೆಂದು ಅವಳು ಹೇಳಿಕಳುಹಿಸಿದ್ದಾಳೆ.